ಮುಂದಿಟ್ಟ ಇಲಿ

ಹೊಲದ ಬದುವಿನ ಹುತ್ತದಲ್ಲಿ ಒಂದು ಮುದಿ ಕೇರೆಹಾವು ತನ್ನ ಮರಿಯೊಂದಿಗೆ ಇತ್ತು. ಹೆಂಡತಿ ಸತ್ತು ತಿಂಗಳಾಗಿತ್ತು. ಅವಳು ಹೋದಂದಿನಿಂದ ಮರಿ ಊಟ ಮುಟ್ಟಿರಲಿಲ್ಲ. ಮೈ ಸೊರಗಿ ದಾರದಂತಾಗಿತ್ತು. ಕೇರೆ ದಿನವೂ ಒಂದು ಇಲಿಯನ್ನು ಕೊಂದು ತಂದು ಮುಂದಿಡುತ್ತಿತ್ತು. "ತಿನ್ನು ಮಗಾ, ನನ್ನಾಣೆ" ಎಂದು ಕಾದು ಕೂರುತ್ತಿತ್ತು. ಮರಿ ಮುಖ ತಿರುಗಿಸುತ್ತಿತ್ತು.

ಬೇಲಿಯ ಮೇಲಿದ್ದ ಗೊರವಂಕ ಹೇಳಿತು: "ಮಾವ, ಜನ ಈ ಹುತ್ತಕ್ಕೆ ಹಾಲೆರೆಯುತ್ತಾರಲ್ಲ, ಅದನ್ನೇ ಕುಡಿಸಬಾರದೇ?"

"ಅದು ಹುತ್ತದ ಊಟ, ನಮ್ಮದಲ್ಲ."

"ಹಾಗಾದರೆ ಅತ್ತೆ ಹೇಗೆ ತಿನ್ನಿಸುತ್ತಿದ್ದಳು?"

ಕೇರೆ ನೆನಪು ಮಾಡಿಕೊಂಡಿತು. ಅವಳು ಮರಿಯ ಮುಂದೆ ಇಲಿ ಇಟ್ಟದ್ದನ್ನು ತಾನು ಒಮ್ಮೆಯೂ ಕಂಡಿರಲಿಲ್ಲ. ಅವಳು ಇಲಿಯನ್ನು ಕಚ್ಚಿಕೊಂಡು ಮರಿಯ ಪಕ್ಕದಿಂದ ಸುಮ್ಮನೆ ಹಾದುಹೋಗುತ್ತಿದ್ದಳು. "ಮಗುವಿಗೆ ಕೊಡದೆ ಎಲ್ಲಿಗೆ ಒಯ್ಯುತ್ತೀಯೆ?" ಎಂದು ತಾನೇ ಗದರಿದ್ದೂ ಉಂಟು.

ಕೇರೆ ಇಲಿಯನ್ನು ಕಚ್ಚಿಕೊಂಡು, ಮರಿಗೆ ಬೆನ್ನು ಹಾಕಿ ಹೊರಟಿತು. ಮರಿ ತಲೆ ಎತ್ತಿತು. ಹಿಂದೆಯೇ ಹರಿದು ಬಂದು ಗಬಕ್ಕನೆ ಕಚ್ಚಿತು.

"ಬಿಡೋ, ಅದು ನನ್ನ ಬಾಲ!"

ಕೇರೆ ಬಾಯಿ ತೆರೆದದ್ದೇ ತಡ, ಇಲಿ ಬದುವಿನಿಂದ ಕೆಳಕ್ಕುರುಳಿತು. ಮರಿ ಬಾಲ ಬಿಟ್ಟು ಅದರ ಬೆನ್ನು ಹತ್ತಿತು, ಹಿಡಿಯಿತು, ನುಂಗಿತು.

"ನೋವಾಯಿತೇ ಮಾವ?" ಎಂದು ಗೊರವಂಕ ನಕ್ಕಿತು.

"ಆಯಿತು. ಹಲ್ಲು ಚೂಪಾಗಿವೆ, ಥೇಟ್ ಅವಳವೇ" ಎಂದು ಕೇರೆ ಇನ್ನೊಂದು ಇಲಿ ಹಿಡಿಯಲು ಹೊರಟಿತು.