ಮುಂಗಾಜಿನ ತೀರ್ಮಾನ

ಐವತ್ತು ವರ್ಷದ ಲಾರಿಯೊಂದರ ಕ್ಯಾಬಿನ್ನನ್ನು ಅಡಿಯಿಂದ ಹೊತ್ತಿದ್ದ ಮೆತ್ತೆಗಳು ಪುಡಿಯಾದಾಗ, ಹೊಸಬರನ್ನು ಆರಿಸುವ ಕೆಲಸ ಮುಂಗಾಜಿನ ಪಾಲಿಗೆ ಬಂತು. ಅಂಥ ಗಾಜನ್ನು ಈಗ ಯಾರೂ ಮಾಡುವುದಿಲ್ಲ; ಒಡೆದರೆ ಅವಳ ಕಥೆ ಮುಗಿದಂತೆಯೇ.

“ನಾನು ಎಣ್ಣೆಗೆ ಕರಗೋನಲ್ಲ, ಯಾವ ಹೊಂಡಕ್ಕೂ ಕುಗ್ಗೋನಲ್ಲ,” ಎಂದ ಕೆಂಪಗೆ ಮಿರುಗುತ್ತಿದ್ದ ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮೆತ್ತೆ.

“ಸಂತೋಷ. ನೀವು ಕುಗ್ಗದಿದ್ದರೆ ಹೊಂಡದ ಏಟು ಎಲ್ಲಿಗೆ ಹೋಗುತ್ತೆ, ಸ್ವಾಮಿ?” ಮುಂಗಾಜು ಕೇಳಿದಳು.

“ಅದು ಮೇಲೆ ಕೂತವರ ಪಾಡು.”

ಮೇಲೆ ಕೂತಿದ್ದವಳು ಗಾಜೇ. ಅವಳು ಪಕ್ಕದ ಕರಿ ರಬ್ಬರ್ ಮೆತ್ತೆಯತ್ತ ತಿರುಗಿದಳು. “ನೀನೇನಮ್ಮಾ ಹೇಳ್ತೀ?”

“ಏಟು ನಾನು ತಿಂತೀನಿ, ಅಕ್ಕಾ. ಆದರೆ ಹತ್ತು ವರ್ಷಕ್ಕೆ ಸವೆದು ಹೋಗ್ತೀನಿ.”

“ಬಂದು ಕೂತ್ಕೋ. ನಿನ್ನಂಥವಳು ಅಂಗಡೀಲಿ ಇನ್ನೊಬ್ಬಳು ಸಿಗ್ತಾಳೆ. ನನ್ನಂಥವಳು ಸಿಗಲ್ಲ.”