ಕಡಾಯಿಯ ದೋಣಿ, ಕಣ್ಣೊಳಗಿನ ದೋಣಿ

"ಕಂಪ್ಯೂಟರಿನಲ್ಲಿ ಈ ದೋಣಿಯನ್ನು ಸಾವಿರ ಅಲೆಗಳ ಮೇಲೆ ಬಿಟ್ಟು ನೋಡಿದ್ದೇನೆ. ಒಮ್ಮೆಯೂ ಮಗುಚಲಿಲ್ಲ. ಇನ್ನು ಮರದಲ್ಲಿ ಗೇಣುದ್ದದ ಮಾದರಿ ಕೆತ್ತುವುದೇಕೆ ಗುರುಗಳೇ?"

ದೋಣಿ ಕಟ್ಟುವ ಕೆಲಸದಲ್ಲಿ ನನ್ನ ಶಿಷ್ಯನಾದ ಶೀನ ಹೀಗೆ ಕೇಳಿದ. ಮರುದಿನ ಹಲಗೆ ಕೊಯ್ಯುವುದಿತ್ತು. ಆ ದೋಣಿಯಲ್ಲಿ ಮೀನಿಗೆ ಹೋಗುವವರು ಅವನ ಅಣ್ಣಂದಿರು.

ನಾನು ಹೇಳಿದೆ: ಶಾಲೆಯ ಮೆಟ್ಟಿಲು ಹತ್ತದವನು ನಾನು. ಆದರೆ ನಮ್ಮ ಹೊಳೆ ಕಂಡ ಅತಿ ದೊಡ್ಡ ಅಲೆಯ ಮೇಲೆ ಕೂತು ಬಂದವನು. ಜೊತೆಗಿದ್ದವರು ಒಬ್ಬರೂ ಈಗ ಉಳಿದಿಲ್ಲ. ಕೇಳು.

ಒಬ್ಬ ಬಡಗಿ ಇದ್ದ. ಕಣ್ಣು ಮುಚ್ಚಿದರೆ ಸಾಕು, ಇಡೀ ದೋಣಿ ಅವನೊಳಗೆ ಕಟ್ಟಿಕೊಳ್ಳುತ್ತಿತ್ತು. ಅದನ್ನು ನೂರು ಮಳೆಗಾಲದ ನೆರೆಗೆ ಬಿಡುತ್ತಿದ್ದ. ಯಾವ ಕೀಲು ಸಡಿಲವೋ ಅಲ್ಲೇ ಕಾಣುತ್ತಿತ್ತು. ಕಣ್ಣು ತೆರೆದಾಗ ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು, ನಾನೇ ಒರೆಸಿದ್ದೇನೆ.

ಮಗಳ ಮದುವೆಯ ದಿಬ್ಬಣ ಹೊಳೆ ದಾಟಲೆಂದು ಅವನು ಒಂದು ದೋಣಿ ಕಟ್ಟಿದ. ಅವನ ಭಾವ ಅದನ್ನೇ ಗೇಣುದ್ದ ಕೆತ್ತಿ, ಕಡಾಯಿಯ ನೀರಿಗೆ ಬಿಟ್ಟು, ಜನರ ಬದಲು ಹರಳುಗಳನ್ನಿಟ್ಟ. ಬೆರಳಲ್ಲಿ ತುಸು ಅಲುಗಿಸಿದ. ಹರಳುಗಳೆಲ್ಲ ಒಂದೇ ಮಗ್ಗುಲಿಗೆ ಉರುಳಿದವು. ದೋಣಿ ಮಗುಚಿತು.

"ಕಲ್ಲು ಉರುಳುತ್ತದೆ ಭಾವ. ನನ್ನ ದೋಣಿಯಲ್ಲಿ ಜನ ಕೂರಿಸಿದಲ್ಲೇ ಕೂರುತ್ತಾರೆ" ಎಂದು ಬಡಗಿ ನಕ್ಕ.

"ಆಚೆ ದಡದ ವಾಲಗ ಕೇಳಿದರೆ ಮೊದಲು ಏಳುವವಳು ನಾನೇ ಅಪ್ಪಯ್ಯ" ಎಂದಳು ಮಗಳು.

ಬಡಗಿ ಉಳಿ ಎತ್ತಿಕೊಂಡ. ಹಲಗೆ ಕಳಚಿ, ದೋಣಿಯ ಹೊಟ್ಟೆಯನ್ನು ಒಂದು ಮೊಳ ಅಗಲಿಸಿದ.

ಮದುವೆಯ ದಿನ ನಡುಹೊಳೆಯಲ್ಲಿ ತೆಂಗಿನ ಮರದೆತ್ತರದ ಅಲೆ ಬಂತು. ಅಂಥದು ಯಾವ ಕಡಾಯಿಯಲ್ಲೂ ಹಿಡಿಸದು. ಆದರೆ ಬಡಗಿ ಅದನ್ನು ಕಣ್ಣೊಳಗೆ ಮೊದಲೇ ಕಂಡಿದ್ದ. ಒಂದು ಕೀಲೂ ಮಿಸುಕಲಿಲ್ಲ. ದಡ ಹತ್ತಿರವಾಯಿತು. ವಾಲಗ ಮೊಳಗಿತು. ವರನನ್ನು ನೋಡಲು ಇಡೀ ದಿಬ್ಬಣ ಎದ್ದು ಒಂದೇ ಮಗ್ಗುಲಿಗೆ ಬಂತು, ಮುಂದೆ ಮದುವಣಗಿತ್ತಿ. ದೋಣಿ ವಾಲಿತು. ಹೊಳೆ ಅಂಚನ್ನು ನೆಕ್ಕಿತು, ಹಿಂದೆ ಸರಿಯಿತು. ಅಷ್ಟು ಹೊತ್ತು ನಾವು ನಲವತ್ತು ಜನ ಉಸಿರಾಡಲಿಲ್ಲ.

ಶೀನ ಬೆರಳು ಮಡಿಸಿ ಎಣಿಸಿದ. "ಗುರುಗಳೇ, ಆ ಹೊಳೆಗೆ ಸೇತುವೆ ಬಂದು ತೊಂಬತ್ತು ವರ್ಷವಾಯಿತು. ನಿಮಗಿನ್ನೂ ಎಂಬತ್ತು ತುಂಬಿಲ್ಲ. ನೀವು ಕೂತಿದ್ದು ಯಾವ ದೋಣಿಯಲ್ಲಿ?"

ನಾನು ಕೈಯ ಮರದ ಪುಡಿ ಕೊಡವಿ, ಗೇಣುದ್ದದ ಮರದ ತುಂಡೊಂದನ್ನು ಅವನ ಕೈಗಿಟ್ಟೆ.

"ಕಣ್ಣೊಳಗಿನದರಲ್ಲಿ ಮಗ; ಅದರಿಂದ ನೀರಿಗೆ ಬಿದ್ದವರು ಇದುವರೆಗೆ ಯಾರೂ ಇಲ್ಲ."