ಹನಿಯವ್ವನ ಎರಡೆಳೆ ನೂಲು

ಭೂಮಿಯ ಬಿಸಿ ಇನ್ನೂ ಪೂರ್ತಿ ಆರಿರದ ಕಾಲ. ಕಲ್ಲಿಗೆ ಪಾಚಿ ಗೊತ್ತಿರಲಿಲ್ಲ, ಆಕಾಶಕ್ಕೆ ಹಕ್ಕಿ ಗೊತ್ತಿರಲಿಲ್ಲ. ಹೊಳೆ ಮಾತ್ರ ಆಗಲೂ ಹರಿಯುತ್ತಿತ್ತು. ಗಾಳಿ ಆಗಲೂ ಸುಮ್ಮನಿರುತ್ತಿರಲಿಲ್ಲ.

ಹೊಳೆಯ ಬದಿಯ ಬೆಚ್ಚನೆ ಗುಂಡಿಯಲ್ಲಿ ಹನಿಯವ್ವ ಇದ್ದಳು. ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕವಳು. ಅವಳೇ ಮೊದಲ ಜೀವಕೋಶ. ಮೈಗೆ ತೆಳ್ಳನೆ ಪೊರೆ, ಪೊರೆಯೊಳಗೆ ಉದ್ದನೆ ನೂಲು.

ನೂಲಿಗೆ ಎರಡು ಎಳೆ. ಎಳೆಯ ತುಂಬ ನಾಲ್ಕು ಬಣ್ಣದ ಗಂಟುಗಳು. ಈ ಎಳೆಯ ಗಂಟು ಆ ಎಳೆಯ ಗಂಟಿನ ಕೈ ಹಿಡಿದಿರುತ್ತಿತ್ತು. ಕೆಂಪು ಹಸಿರಿನ ಕೈಯನ್ನೇ ಹಿಡಿಯಬೇಕು, ಹಳದಿ ನೀಲಿಯ ಕೈಯನ್ನೇ ಹಿಡಿಯಬೇಕು. ಬೇರೆ ಕೈ ಅವಕ್ಕೆ ಒಗ್ಗದು.

ಉಣ್ಣುವುದು ಹೇಗೆ, ಹರಿದ ಪೊರೆಯನ್ನು ಹೊಲಿಯುವುದು ಹೇಗೆ, ಎಲ್ಲವೂ ಆ ಗಂಟುಗಳ ಸಾಲಿನಲ್ಲಿತ್ತು. ಹನಿಯವ್ವ ನೂಲು ತಡವುವಳು, ತಿಳಿಯುವಳು, ಮಾಡುವಳು.

ಉಂಡು ಉಂಡು ಅವಳ ಮೈ ಉಬ್ಬಿತು. ಪೊರೆ ಬಿಗಿಯಿತು. ಒಬ್ಬಳು ಇಬ್ಬರಾಗಬೇಕು, ಇಲ್ಲವೇ ಒಡೆದುಹೋಗಬೇಕು.

"ಏನವ್ವಾ, ಹೆಸರಲ್ಲೇನೋ ಅವ್ವ ಇದ್ದಾಳೆ, ಮಕ್ಕಳೆಲ್ಲಿ?" ಎಂದು ಗಾಳಿ ಛೇಡಿಸಿತು.

"ತಡಿ ಗಾಳಿಯಣ್ಣ, ತೋರಿಸ್ತೀನಿ" ಎಂದಳು ಹನಿಯವ್ವ.

ರೊಟ್ಟಿ ಮುರಿದ ಹಾಗೆ ನೂಲನ್ನು ಅಡ್ಡಕ್ಕೆ ಮುರಿದಳು. ಅರ್ಧ ತನಗೆ, ಅರ್ಧ ಮಗಳಿಗೆ. ಮೈಯನ್ನೂ ಎರಡು ಮಾಡಿದಳು. ಮಗಳು ಮುದ್ದಾಗಿ ತೇಲಿದಳು.

ಸ್ವಲ್ಪ ಹೊತ್ತಿಗೆ ಮಗಳು ಕೂಗಿದಳು: "ಅವ್ವಾ, ಇಲ್ಲಿ ಹರೀತಾ ಇದೆ. ಹೊಲಿಯೋದು ಹೇಗೆ?"

"ನೂಲು ತಡವಿ ನೋಡು ಮಗಳೇ."

"ತಡವಿದೆ ಅವ್ವಾ. ಉಣ್ಣೋದು ಇದೆ. ಹೊಲಿಯೋದು ಇಲ್ಲ."

ಹೊಲಿಯುವುದು ತಾಯಿಯ ತುಂಡಿನಲ್ಲಿ ಉಳಿದಿತ್ತು. ಹನಿಯವ್ವ ಈಜಿ ಬರುವಷ್ಟರಲ್ಲಿ ಪೊರೆ ಒಡೆದಿತ್ತು. ಮಗಳಿದ್ದ ಜಾಗದಲ್ಲಿ ಅರ್ಧ ನೂಲು ತೇಲುತ್ತಿತ್ತು.

ಹನಿಯವ್ವ ಅದನ್ನು ಎತ್ತಿಕೊಂಡು ತನ್ನ ತುಂಡಿಗೆ ಜೋಡಿಸಿದಳು. ನೀರೊಳಗೆ ಅತ್ತರೆ ಯಾರಿಗೂ ಕಾಣದು. ಆದರೆ ಹೊಳೆಗೆ ಉಪ್ಪಿನ ರುಚಿ ಹತ್ತಿತು.

"ಯಾಕವ್ವಾ?" ಎಂದಿತು ಹೊಳೆ.

"ಹಂಚಿಕೊಟ್ಟೆ, ಹೊಳೆಯಕ್ಕ. ಹಂಚಿದ್ದೇ ತಪ್ಪಾಯ್ತು. ಈಗ ಉಂಡರೆ ಮತ್ತೆ ಉಬ್ತೀನಿ. ಆಗ ಏನು ಮಾಡಲಿ?"

ಹೊಳೆ ಕೊಂಚ ದೂರ ಹರಿದು ಹೇಳಿತು: "ನನ್ನನ್ನು ಅಡ್ಡಕ್ಕೆ ಕಡಿದರೆ ಮೇಲಿನದು ಮಡು, ಕೆಳಗಿನದು ಬರೀ ಮರಳು. ಆದರೆ ಆ ಬಂಡೆ ನೋಡು. ಅದು ನನ್ನನ್ನು ಉದ್ದಕ್ಕೆ ಸೀಳುತ್ತೆ. ಆಚೆ ಕವಲೂ ಹೊಳೆಯೇ, ಈಚೆ ಕವಲೂ ಹೊಳೆಯೇ."

ಹನಿಯವ್ವ ಬಂಡೆಯನ್ನು ನೋಡಿದಳು, ತನ್ನ ನೂಲನ್ನು ನೋಡಿದಳು.

ಮತ್ತೆ ಮೈ ಉಬ್ಬಿದಾಗ ಅವಳು ಎರಡು ಎಳೆಗಳನ್ನು ಮೆಲ್ಲಗೆ ಉದ್ದಕ್ಕೆ ಬಿಡಿಸಿದಳು. ಕೈ ಬಿಟ್ಟುಹೋದ ಗಂಟುಗಳು ಕಂಗಾಲಾದವು. ಕೆಂಪು "ಹಸಿರೇ, ಬಾ" ಎಂದಿತು. ಹಳದಿ "ನೀಲಿಯೇ, ಬಾ" ಎಂದಿತು. ಸುತ್ತ ತೇಲುತ್ತಿದ್ದ ಬಿಡಿ ಗಂಟುಗಳು ಬಂದು ಕೈ ಹಿಡಿದವು.

ಒಂದು ಹಳದಿ ಅವಸರದಲ್ಲಿ ಕೆಂಪಿನ ಕೈ ಹಿಡಿದು ಕೂತಿತು. ಹನಿಯವ್ವ ತಡವಿದಳು, ಉಬ್ಬು ಸಿಕ್ಕಿತು.

"ನಿನ್ನ ಜಾಗ ಇದಲ್ಲ ಕಣಪ್ಪ, ಏಳು" ಎಂದು ಎಬ್ಬಿಸಿದಳು. ಹಸಿರನ್ನು ಕೂರಿಸಿದಳು.

ಗಂಟಿಗೆ ಗಂಟು ಕೂಡಿ, ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆ ಬಂತು. ಒಂದು ನೂಲು ಎರಡಾಯಿತು. ಎರಡೂ ಪೂರ್ತಿ. ಆದರೆ ಎರಡೂ ಒಂದಕ್ಕೊಂದು ಸಿಕ್ಕುಬಿದ್ದಿದ್ದವು. ಎಳೆದರೆ ಹರಿಯುತ್ತಿತ್ತು.

ಹೊಳೆ ತನ್ನ ತಳದಿಂದ ಪೊರೆಯೊಳಗೆ ನುಸುಳುವಷ್ಟು ನುಣ್ಣನೆ ಮರಳಿನ ಮಣಿಗಳನ್ನು ತಂದು ಸುರಿಯಿತು. "ಮಣಿಗೆ ಸುತ್ತು, ಅವ್ವಾ."

ಹನಿಯವ್ವ ಒಂದೊಂದು ನೂಲನ್ನೂ ಬಿಡಿಸಿ ಬೇರೆ ಬೇರೆಯಾಗಿ ಸುತ್ತಿದಳು. ಒಂದು ಮಣಿಗೆ ಎರಡು ಸುತ್ತು, ಮುಂದಿನ ಮಣಿ. ಮತ್ತೆ ಎರಡು ಸುತ್ತು, ಮುಂದಿನ ಮಣಿ. ಆಮೇಲೆ ಮಣಿಸರವನ್ನೇ ಸುರುಳಿ ಸುತ್ತಿದಳು.

ಅರ್ಧಕ್ಕೆ ನಿಲ್ಲಿಸಿಬಿಟ್ಟಳು.

"ಹೊಳೆಯಕ್ಕ, ಬಿಗಿಯಾಗಿ ಸುತ್ತಿದರೆ ತಡವೋಕೆ ಗಂಟು ಸಿಗಲ್ಲ. ಆಗ ಪೊರೆ ಹರಿದರೆ ಹೊಲಿಯೋದು ನನಗೂ ಗೊತ್ತಾಗಲ್ಲ."

"ಹೌದು. ಅಷ್ಟು ಹೊತ್ತು ನಿನಗೆ ಏನೂ ಗೊತ್ತಿರಲ್ಲ."

"ಒಡೆದುಹೋದರೆ?"

"ನಾನು ಅಲುಗಿಸದೆ ಹರಿಯುತ್ತೇನೆ" ಎಂದಿತು ಹೊಳೆ.

ಗಾಳಿ ನಾಚಿಕೆಯಿಂದ ಗೊಣಗಿತು: "ನಾನೂ ಉಸಿರು ಹಿಡಿದುಕೊಂಡಿರ್ತೀನಿ. ಸುತ್ತು, ತಾಯಿ."

ಹನಿಯವ್ವ ಕೊನೆಯ ಸುತ್ತು ಸುತ್ತಿದಳು. ನೀರು ಅಲುಗಲಿಲ್ಲ. ಗಾಳಿ ಬೀಸಲಿಲ್ಲ. ಗಿಡ್ಡ ದಪ್ಪ ಸುರುಳಿಯೊಂದು ಈ ಕಡೆ ಸರಿಯಿತು, ಅಂಥದೇ ಇನ್ನೊಂದು ಆ ಕಡೆ ಸರಿಯಿತು. ನಡುವೆ ಸೊಂಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಬಿಟ್ಟುಕೊಂಡಿತು.

ಇಬ್ಬರು ತೇಲುತ್ತಿದ್ದರು.

"ನಿಮ್ಮಲ್ಲಿ ಅವ್ವ ಯಾರು?" ಎಂದಿತು ಗಾಳಿ.

"ನಾನು" ಎಂದರು ಇಬ್ಬರೂ.

"ಹಾಗಾದರೆ ಮಗಳು?"

"ನಾನು" ಎಂದರು ಇಬ್ಬರೂ.

ಗಾಳಿ ತಬ್ಬಿಬ್ಬಾಯಿತು. ಹೊಳೆ ನಕ್ಕಿತು. "ಇಬ್ಬರಲ್ಲೂ ಅವ್ವನ ಹಳೆಯ ಎಳೆ ಒಂದೊಂದು ಇದೆ, ಹೊಸ ಎಳೆ ಒಂದೊಂದು. ಇನ್ನು ಯಾರನ್ನು ಏನಂತ ಕರೀತೀಯೋ!"

ಅಷ್ಟರಲ್ಲಿ ಒಬ್ಬಳು ಕೂಗಿದಳು: "ಅವ್ವಾ, ಇಲ್ಲಿ ಹರೀತಾ ಇದೆ!"

ಇನ್ನೊಬ್ಬಳು ಈಜಿ ಬಂದಳು. "ಸುರುಳಿ ಬಿಚ್ಚು. ನೂಲು ತಡವಿ ನೋಡು."

ಅವಳು ಬಿಚ್ಚಿದಳು, ತಡವಿದಳು, ಮತ್ತೂ ತಡವಿದಳು.

"ಇದೆ" ಎಂದಳು. "ಹೊಲಿಯೋದೂ ಇದೆ!"

ಹೊಲಿದುಕೊಂಡಳು. ಗಾಳಿ ಹಿಡಿದಿದ್ದ ಉಸಿರನ್ನೆಲ್ಲ ಒಮ್ಮೆಲೇ ಬಿಟ್ಟಿತು.

ದೊಡ್ಡವರು ಆ ನೂಲನ್ನು ಡಿಎನ್‌ಎ ಎನ್ನುತ್ತಾರೆ. ಅದು ನಿನ್ನೊಳಗೂ ಇದೆ. ಅದಕ್ಕೇ ಮಗು, ಇವತ್ತಿಗೂ ನೀನು ಬಿದ್ದು ಮಂಡಿ ತರಚಿಕೊಂಡಾಗ ಅಲ್ಲಿನ ಪುಟ್ಟ ಕೋಶಗಳು ನೂಲನ್ನು ಉದ್ದಕ್ಕೆ ಸೀಳಿ, ಜೋಡಿ ಕರೆದು, ಮಣಿಗೆ ಸುತ್ತಿ, ಆಮೇಲಷ್ಟೇ ಎರಡಾಗುತ್ತವೆ. ಹಕ್ಕಳೆ ಉದುರಿದ ದಿನ ಅದರಡಿ ಹೊಲಿಗೆ ಮುಗಿದು, ನಿನ್ನದೇ ಚರ್ಮ ನಿನಗಾಗಿ ಕಾದಿರುತ್ತದೆ.